ತಾಮ್ರದ ತಂತಿ ಬಿಟ್ಟ ಮನೆಯ ಫೋನು: ವಿದ್ಯುತ್ತಿನ ಹೊಣೆ ಯಾರದು?

ಮನೆಯ ಸ್ಥಿರ ದೂರವಾಣಿ, ಅಂದರೆ ಬಳಕೆಯ ಮಾತಿನ ಲ್ಯಾಂಡ್‌ಲೈನ್, ತಾಮ್ರದ ತಂತಿಯನ್ನು ಬಿಟ್ಟು ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಗೆ ದಾಟುತ್ತಿರುವ ಬದಲಾವಣೆ ಕರ್ನಾಟಕದ ದೊಡ್ಡ ನಗರಗಳಿಂದ ಹೋಬಳಿಗಳವರೆಗೂ ಹಬ್ಬಿದೆ. ಎಷ್ಟೋ ಮನೆಗಳಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ, ಹಳೆಯ ಫೋನೇ ಮೇಜಿನ ಮೇಲಿರುತ್ತದೆ, ಗಂಟೆಯೂ ಮೊದಲಿನಂತೆಯೇ ಬಾರಿಸುತ್ತದೆ. ಹಾಗಾಗಿ ಬದಲಾದದ್ದು ಗೋಡೆಯಾಚೆಗಿನ ತಂತಿಯೊಂದೇ ಎಂದು ಮನೆಯವರು ಭಾವಿಸುವುದು ಸಹಜ. ವಾಸ್ತವದಲ್ಲಿ ಎರಡು ಸಂಗತಿಗಳು ಒಟ್ಟಿಗೇ ಬದಲಾಗುತ್ತವೆ: ಧ್ವನಿ ಸಾಗುವ ಬಗೆ ಒಂದು, ಆ ಧ್ವನಿಯನ್ನು ಸಾಗಿಸಲು ಬೇಕಾದ ವಿದ್ಯುತ್ತನ್ನು ಒದಗಿಸುವ ಹೊಣೆ ಇನ್ನೊಂದು. ಮೊದಲನೆಯದರ ಬಗ್ಗೆ ಜಾಹೀರಾತುಗಳು ಸಾಕಷ್ಟು ಹೇಳುತ್ತವೆ. ಎರಡನೆಯದನ್ನು ಸಂಪರ್ಕ ಕೊಡಲು ಬಂದವರು ಬಾಯಿಬಿಟ್ಟು ಹೇಳುವುದು ಅಪರೂಪ. ಮಳೆಗಾಲದಲ್ಲಿ ಮರ ಬಿದ್ದು ಕಂಬ ಮುರಿದು ಎರಡು ದಿನ ಕರೆಂಟಿಲ್ಲದೆ ಕೂರುವ ಮಲೆನಾಡಿನ ಮನೆಗಾದರೋ ಮುಖ್ಯವಾಗುವುದು ಆ ಎರಡನೆಯದೇ.

ಹಳೆಯ ಏರ್ಪಾಡಿನಲ್ಲಿ ಮನೆಯ ಫೋನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ತಲಾ 2 ವೋಲ್ಟಿನ 24 ಸೀಸ-ಆಮ್ಲ ಕೋಶಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟಿನ ಬ್ಯಾಟರಿಯನ್ನು ಕಟ್ಟಿಡುತ್ತಿದ್ದರು. ನೆಲದಡಿಯ ತೇವದಿಂದ ತಾಮ್ರ ಸವೆಯದಿರಲಿ ಎಂದು ಅದರ ಧನಾಗ್ರವನ್ನೇ ಭೂಮಿಗೆ ಸೇರಿಸುತ್ತಿದ್ದುದು ಆ ಕಾಲದ ಎಂಜಿನಿಯರುಗಳ ದೂರದೃಷ್ಟಿಗೆ ಒಂದು ಸಾಕ್ಷಿ. ಈ ಬ್ಯಾಟರಿಯಿಂದ ಪ್ರತಿಯೊಂದು ಮನೆಗೂ ಒಂದು ಜೋಡಿ ತಂತಿ ಹೋಗುತ್ತಿತ್ತು. ರಿಸೀವರ್ ಎತ್ತಿದೊಡನೆ ಫೋನಿನೊಳಗಿನ ಸ್ವಿಚ್ಚು ಕೂಡಿಕೊಂಡು, ಆ ಜೋಡಿ ತಂತಿಯ ಮಂಡಲ ಪೂರ್ಣಗೊಂಡು, ಕೆಲವು ಹತ್ತು ಮಿಲಿಆಂಪಿಯರಿನಷ್ಟು ಪ್ರವಾಹ ಹರಿಯತೊಡಗುತ್ತಿತ್ತು. ಆ ಹರಿವನ್ನು ಗಮನಿಸಿದ ಎಕ್ಸ್‌ಚೇಂಜು ಡಯಲ್ ಟೋನ್ ಕಳಿಸುತ್ತಿತ್ತು. ಬೆರಳಿಟ್ಟು ತಿರುಗಿಸುವ ಹಳೆಯ ಡಯಲ್, 7ರ ರಂಧ್ರದಿಂದ ತಿರುಗಿಸಿ ಬಿಟ್ಟಾಗ ಹಿಂದಕ್ಕೆ ಬರುತ್ತ ಈ ಹರಿವನ್ನು ಸೆಕೆಂಡಿಗೆ 10ರ ವೇಗದಲ್ಲಿ 7 ಬಾರಿ ಕಡಿಯುತ್ತಿತ್ತು, ಎಕ್ಸ್‌ಚೇಂಜು ಆ ಕಡಿತಗಳನ್ನು ಎಣಿಸಿಕೊಳ್ಳುತ್ತಿತ್ತು. ಗಂಟೆ ಬಾರಿಸಬೇಕಾದಾಗ ಅದೇ ತಂತಿಯ ಮೇಲೆ 75 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ತನ್ನು ಬಿಟ್ಟುಬಿಟ್ಟು ಹಾಯಿಸಲಾಗುತ್ತಿತ್ತು. ಊರಿಗೆಲ್ಲ ಕರೆಂಟು ಹೋದಾಗ ಬ್ಯಾಟರಿ ಹೊರೆ ಹೊತ್ತುಕೊಳ್ಳುತ್ತಿತ್ತು, ಅದೂ ಬರಿದಾಗುವ ಮೊದಲು ಅಂಗಳದ ಡೀಸೆಲ್ ಜನರೇಟರ್ ಚಾಲೂ ಆಗುತ್ತಿತ್ತು. ದೀಪವಾರಿದ ಮನೆಯಲ್ಲೂ ಫೋನು ಜೀವಂತವಾಗಿರುತ್ತಿದ್ದುದರ ಗುಟ್ಟು ಇಷ್ಟೇ.

ಈ ಜೋಡಿ ತಂತಿ ಎಕ್ಸ್‌ಚೇಂಜಿನ ಎಂ.ಡಿ.ಎಫ್. ಎಂಬ ದೊಡ್ಡ ಚೌಕಟ್ಟಿನಿಂದ ಹೊರಟು, ನೆಲದಡಿಯ ನೂರಾರು ಜೋಡಿಗಳ ದಪ್ಪ ಕೇಬಲ್ಲಿನೊಳಗೆ ಸಾಗಿ, ರಸ್ತೆಬದಿಯ ಪಿಲ್ಲರ್ ಪೆಟ್ಟಿಗೆಯಲ್ಲಿ ಕವಲೊಡೆದು, ಬೀದಿಯ ಕಂಬದ ಡಿ.ಪಿ. ಡಬ್ಬಿಯನ್ನು ಮುಟ್ಟಿ, ಅಲ್ಲಿಂದ ತೂಗುತಂತಿಯಾಗಿ ಮನೆಯ ಸೂರಿಗೆ ಬರುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯ ಎಳೆಗಳ ನಡುವೆ ನೀರು ಇಳಿಯದಂತೆ ಅಂಟುಲೇಪ ತುಂಬಿದ ಕೇಬಲ್‌ಗಳನ್ನು ಬಳಸಿದರೂ, ಪ್ರತಿ ಜಾಯಿಂಟೂ ಒಂದು ದುರ್ಬಲ ಸ್ಥಳವೇ. ಮೊದಲ ಮಳೆಗೆ ಜಾಯಿಂಟಿನಲ್ಲಿ ನೀರು ನಿಂತು ಫೋನಿನಲ್ಲಿ ಕರಕರ ಸದ್ದು ಹುಟ್ಟುವುದು, ರಸ್ತೆ ಅಗಲಿಸುವ ಜೆಸಿಬಿ ಒಂದೇ ಏಟಿಗೆ ಇಡೀ ಬಡಾವಣೆಯ ಜೋಡಿಗಳನ್ನು ಕಿತ್ತೆಸೆಯುವುದು, ತಾಮ್ರದ ಬೆಲೆಗಾಗಿ ಕಳ್ಳರು ಕೇಬಲನ್ನೇ ಕತ್ತರಿಸಿ ಒಯ್ಯುವುದು, ಇವೆಲ್ಲ ಲೈನ್‌ಮನ್‌ಗಳ ನಿತ್ಯದ ಕೆಲಸವಾಗಿದ್ದವು. ಸಾವಿರಾರು ಎಳೆಗಳಲ್ಲಿ ತುಂಡಾದ ಒಂದನ್ನು ಬಣ್ಣ ನೋಡಿ ಹುಡುಕಿ ಮತ್ತೆ ಹೊಸೆಯುವ ಕುಶಲತೆ ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಬರುವಂಥದು. ಆ ಕೈಗಳು ನಿವೃತ್ತಿಯಾದಂತೆ ತಾಮ್ರದ ಜಾಲ ಶಿಥಿಲವಾದುದರಲ್ಲಿ ಆಶ್ಚರ್ಯವಿಲ್ಲ. ಆದಕಾರಣ ತಾಮ್ರವನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು ಎಂಬ ವಾದಕ್ಕೆ ಬಲ ಸಾಲದು. ತಾಮ್ರದೊಡನೆ ಬರುತ್ತಿದ್ದ ಒಂದು ಗುಣ ಅದರೊಡನೆಯೇ ಹೋಗಬಾರದಾಗಿತ್ತು ಎಂಬ ವಾದ ಮಾತ್ರ ಗಟ್ಟಿಯಾದುದು.

ಸ್ಥಿರ ದೂರವಾಣಿ ಡಿಜಿಟಲ್ ಆದದ್ದು ಫೈಬರ್ ಬಂದ ಮೇಲೆ ಎಂಬ ಗ್ರಹಿಕೆ ವ್ಯಾಪಕವಾಗಿದೆ, ಆದರೆ ಅದು ಪೂರ್ತಿ ಸರಿಯಲ್ಲ. ಭಾರತದಲ್ಲಿ 1882ರ ಜನವರಿಯಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ಆರಂಭವಾದಾಗ ಕರೆಗಳನ್ನು ಮನುಷ್ಯರೇ ಕೈಯಿಂದ ಜೋಡಿಸಬೇಕಿತ್ತು. ಸ್ವಾತಂತ್ರ್ಯದ ಬೆನ್ನಿಗೆ, 1948ರಲ್ಲಿ, ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ದೂರವಾಣಿ ಕಾರ್ಖಾನೆ, ಅಂದರೆ ಐಟಿಐ, ದೂರವಾಣಿನಗರ ಎಂಬ ಬಡಾವಣೆಗೇ ಹೆಸರು ಕೊಟ್ಟದ್ದಲ್ಲದೆ, ಡಯಲ್ಲಿನ ಕಡಿತಗಳನ್ನು ಎಣಿಸಿ ತಾನೇ ಮೇಲೇರಿ ತಿರುಗಿ ಸಂಪರ್ಕ ಕಲ್ಪಿಸುವ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನೂ ಕಪ್ಪು ಬಣ್ಣದ ಫೋನುಗಳನ್ನೂ ದೇಶಕ್ಕೆಲ್ಲ ಒದಗಿಸಿತು. ಡಿಜಿಟಲ್ ಯುಗದ ಬಾಗಿಲು ಹಳ್ಳಿಗಾಡಿಗೆ ತೆರೆದದ್ದೂ ಈ ನೆಲದಲ್ಲೇ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದೊಡನೆ 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜು 1986ರ ಜುಲೈನಲ್ಲಿ ಮೊದಲ ಬಾರಿಗೆ ಕೆಲಸ ಮಾಡತೊಡಗಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. 128 ಪೋರ್ಟುಗಳ ಆ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ಭಾರತದ ಸೆಕೆ, ದೂಳು, ಪದೇಪದೇ ಹೋಗುವ ಕರೆಂಟು, ಇವನ್ನೆಲ್ಲ ಮುಂದಾಗಿಯೇ ಲೆಕ್ಕಕ್ಕೆ ಹಿಡಿದು ಅದನ್ನು ಕಟ್ಟಲಾಗಿತ್ತು. ಈ ಕೊನೆಯ ಮಾತು ಇಂದಿನ ಚರ್ಚೆಗೂ ನೇರವಾಗಿ ಸಂಬಂಧಿಸಿದ್ದು.

ಆ ಪೀಳಿಗೆಯ ಎಕ್ಸ್‌ಚೇಂಜುಗಳಲ್ಲಿ ಮನೆಯಿಂದ ಬಂದ ತಂತಿಯನ್ನು ಲೈನ್ ಕಾರ್ಡ್ ಎಂಬ ಬಿಲ್ಲೆಗೆ ಸೇರಿಸುತ್ತಿದ್ದರು. ತಂತಿಗೆ 48 ವೋಲ್ಟ್ ಕೊಡುವುದು, ಗಂಟೆ ಬಾರಿಸುವುದು, ರಿಸೀವರ್ ಎತ್ತಿದ್ದನ್ನು ಗುರುತಿಸುವುದು, ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವುದು, ಈ ನಾಲ್ಕೂ ಅದರ ಕರ್ತವ್ಯಗಳು. ಮಾತಿನ ತಿಳಿವಿಗೆ ಬೇಕಾದ 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನು ಆಯ್ದು, ಸೆಕೆಂಡಿಗೆ 8,000 ಬಾರಿ ಅವುಗಳ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ, ಅಂದರೆ 8 ಸೊನ್ನೆ-ಒಂದುಗಳ ಸಾಲಿನಲ್ಲಿ, ಬರೆದುಕೊಂಡರೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಕಿತ್ತೂರಿನ ಮಾತು ಎಕ್ಸ್‌ಚೇಂಜನ್ನು ದಾಟುವ ಹೊತ್ತಿಗೇ ಈ ರೂಪ ತಾಳುತ್ತಿತ್ತು. ಹಳೆಯ ರೂಪದಲ್ಲಿ ಉಳಿದದ್ದು ಎಕ್ಸ್‌ಚೇಂಜಿನಿಂದ ಮನೆಯವರೆಗಿನ ಕೆಲವು ಕಿಲೋಮೀಟರು ಮಾತ್ರ. ಮುಂದೆ ಬಿಎಸ್‌ಎನ್‌ಎಲ್ ತನ್ನ ಹಳೆಯ ಎಕ್ಸ್‌ಚೇಂಜುಗಳನ್ನು ಇಂಟರ್ನೆಟ್ಟಿನ ಕ್ರಮದಲ್ಲಿ ಕೆಲಸ ಮಾಡುವ ಮುಂದಿನ ಪೀಳಿಗೆಯ ಯಂತ್ರಗಳಿಗೆ ಬದಲಿಸಿಕೊಂಡಾಗಲೂ ಮನೆಯ ತಾಮ್ರ ಹಾಗೆಯೇ ಉಳಿದಿತ್ತು, ಮನೆಯವರಿಗೆ ಬದಲಾವಣೆಯ ಅರಿವೂ ಆಗಿರಲಿಲ್ಲ. ಜಪಾನಿನ ಎನ್‌ಟಿಟಿ 2024ರ ಜನವರಿಯಿಂದ ಒಂದು ವರ್ಷದ ಅವಧಿಯಲ್ಲಿ ತನ್ನ ಸ್ಥಿರ ದೂರವಾಣಿ ಜಾಲವನ್ನು ಇಂಟರ್ನೆಟ್ ಕ್ರಮಕ್ಕೆ ಒಯ್ದಾಗಲೂ ಮನೆಗಳ ಲೋಹದ ತಂತಿಯನ್ನು ಮುಟ್ಟದೆ, ಎಕ್ಸ್‌ಚೇಂಜಿನಲ್ಲೇ ರೂಪಾಂತರದ ಕೆಲಸ ಮುಗಿಸಿತು. ಡಿಜಿಟಲ್ ಆಗುವುದು ಬೇರೆ, ಮನೆಯ ತಂತಿಯ ವಿದ್ಯುತ್ತು ಹೋಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಫೈಬರ್ ಬಂದಾಗ ಮಾತ್ರ ಎರಡೂ ಒಂದೇ ಬಾರಿಗೆ ಸಂಭವಿಸುತ್ತವೆ, ಏಕೆಂದರೆ ಗಾಜು ಬೆಳಕನ್ನು ಸಾಗಿಸುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಎಕ್ಸ್‌ಚೇಂಜಿನಲ್ಲೋ ಕಂಪನಿಯ ಪಾಲುದಾರರ ಮಳಿಗೆಯಲ್ಲೋ ಇರುವ ಒಎಲ್‌ಟಿ ಎಂಬ ಯಂತ್ರದಿಂದ ಹೊರಟ ಒಂದು ಎಳೆಯನ್ನು ಸ್ಪ್ಲಿಟ್ಟರ್ ಎಂಬ, ವಿದ್ಯುತ್ತೇ ಬೇಡದ ಪುಟ್ಟ ಸಾಧನ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಒಂದೇ ಎಳೆಯೊಳಗೆ ಮನೆಯತ್ತ ಬರುವ ಬೆಳಕಿನ ತರಂಗದೂರ 1,490 ನ್ಯಾನೊಮೀಟರ್, ಮನೆಯಿಂದ ಹೋಗುವುದರದು 1,310. ಎರಡೂ ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಮನೆಯ ಗೋಡೆಯ ಮೇಲೆ ಕೂರುವ ಒಎನ್‌ಟಿ ಎಂಬ ಪೆಟ್ಟಿಗೆ ಈ ಬೆಳಕನ್ನು ಓದಿ ಇಂಟರ್ನೆಟ್ಟನ್ನು ವೈಫೈಗೂ, ಮಾತನ್ನು ಹಿಂಬದಿಯ ಚಿಕ್ಕ ಟೆಲಿಫೋನ್ ಕಿಂಡಿಗೂ ಕಳಿಸುತ್ತದೆ. ಫೋನಿನ ತಂತಿಯನ್ನು ಆ ಕಿಂಡಿಗೆ ಚುಚ್ಚಿದರೆ ಡಯಲ್ ಟೋನ್ ಕೊಡುವುದೂ, ಕರೆ ಬಂದಾಗ ಗಂಟೆ ಬಾರಿಸುವುದೂ ಈ ಪೆಟ್ಟಿಗೆಯೇ, ತನ್ನ ಅಡಾಪ್ಟರಿನ 12 ವೋಲ್ಟಿನಿಂದಲೇ ಅಷ್ಟು ಎತ್ತರದ ಗಂಟೆಯ ವೋಲ್ಟೇಜನ್ನು ಹುಟ್ಟಿಸಿಕೊಂಡು, ಮಾಡುವ ಕೆಲಸ. ಅಂದರೆ ಲೈನ್ ಕಾರ್ಡಿನ ನಾಲ್ಕೂ ಕರ್ತವ್ಯಗಳು ಎಕ್ಸ್‌ಚೇಂಜಿನಿಂದ ಮನೆಗೆ ಸ್ಥಳಾಂತರವಾಗಿವೆ. ಒಬ್ಬನೇ ಗ್ರಾಹಕನ ಒಂದು ಕಿರು ಎಕ್ಸ್‌ಚೇಂಜು ಮನೆಯೊಳಗೆ ಬಂದಿದೆ. ಅದರ ಬ್ಯಾಟರಿ ಕೋಣೆ ಮಾತ್ರ ಜೊತೆಯಲ್ಲಿ ಬಂದಿಲ್ಲ.

ಮಾತು ಸಾಗುವ ಬಗೆಯೂ ಗಮನಾರ್ಹ. ಹಳೆಯ ಜಾಲದಲ್ಲಿ ಕರೆ ಕೂಡಿಕೊಂಡಾಗ ಎರಡು ಮನೆಗಳ ನಡುವೆ ಒಂದು ದಾರಿ ಮೀಸಲಾಗಿ, ಇಬ್ಬರೂ ಸುಮ್ಮನಿದ್ದರೂ ಕರೆ ಮುಗಿಯುವತನಕ ಬೇರೆಯವರಿಗೆ ಸಿಗುತ್ತಿರಲಿಲ್ಲ. ಹೊಸ ಕ್ರಮದಲ್ಲಿ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ತುಣುಕುಗಳಾಗಿ ಕತ್ತರಿಸಿ, 160 ಬೈಟ್‌ಗಳ ಆ ತುಣುಕಿಗೆ ವಿಳಾಸವೂ ಕ್ರಮಸಂಖ್ಯೆಯೂ ಇರುವ 40 ಬೈಟ್‌ಗಳ ತಲೆಬರಹವನ್ನು ಅಂಟಿಸಿ, ಪ್ಯಾಕೆಟ್ ಎಂಬ ಪೊಟ್ಟಣವಾಗಿ ಕಳಿಸಲಾಗುತ್ತದೆ. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 80,000 ಬಿಟ್ ಸಾಕು, ಫೈಬರಿನ ಎಳೆಯಾದರೋ ಸೆಕೆಂಡಿಗೆ ಸುಮಾರು 250 ಕೋಟಿ ಬಿಟ್‌ಗಳನ್ನು ಹೊರಬಲ್ಲದು. ಮನೆಯಲ್ಲಿ ನಾಲ್ಕು ಜನ ಸಿನಿಮಾ ನೋಡುತ್ತಿದ್ದರೂ ಮಾತಿಗೆ ಅಡ್ಡಿಯಾಗದಂತೆ ಮಾತಿನ ಪೊಟ್ಟಣಗಳಿಗೆ ಮುಂದಿನ ಸಾಲು ಕೊಡುವ ವ್ಯವಸ್ಥೆಯೂ ಇರುತ್ತದೆ. ಒಬ್ಬರು ಆಡಿದ ಮಾತು ಇನ್ನೊಬ್ಬರಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಸಂಭಾಷಣೆಗೆ ತೊಡಕಾಗದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ, ಸುಸ್ಥಿತಿಯ ಫೈಬರಿನಲ್ಲಿ ದೇಶದೊಳಗಿನ ಕರೆಗಳು ಈ ಮಿತಿಯೊಳಗೇ ಇರುತ್ತವೆ. ಮಳೆಯ ಕರಕರವೂ ಇಲ್ಲ, ಪಕ್ಕದ ಜೋಡಿಯ ಮಾತು ಕೇಳಿಸುವ ತೊಂದರೆಯೂ ಇಲ್ಲ, ಸಿಡಿಲಿನ ಆಘಾತ ತಂತಿಯ ಮೂಲಕ ಮನೆಯೊಳಗೆ ನುಗ್ಗುವ ಭಯವೂ ಇಲ್ಲ. ಇವು ಸಣ್ಣ ಲಾಭಗಳಲ್ಲ.

ಭಾರತದಲ್ಲಿ 2006ರ ಸುಮಾರಿಗೆ 5 ಕೋಟಿಯಷ್ಟಿದ್ದ ಸ್ಥಿರ ದೂರವಾಣಿಗಳು ಮೊಬೈಲಿನ ಹೊಡೆತಕ್ಕೆ 2020ರ ಹೊತ್ತಿಗೆ 2 ಕೋಟಿಯ ಆಸುಪಾಸಿಗೆ ಇಳಿದು, ಆ ಬಳಿಕ ಮತ್ತೆ ಏರಿ 3 ಕೋಟಿಯನ್ನು ದಾಟಿದ್ದಕ್ಕೆ ಕಾರಣ ಫೈಬರೇ. 2022ರ ಆಗಸ್ಟಿನಲ್ಲಿ ಜಿಯೊ ಸ್ಥಿರ ದೂರವಾಣಿಗಳ ಸಂಖ್ಯೆಯಲ್ಲಿ ಬಿಎಸ್‌ಎನ್‌ಎಲನ್ನು ಹಿಂದಿಕ್ಕಿದ್ದೂ ಈ ದಾರಿಯಿಂದಲೇ.

ಇನ್ನು ವಿದ್ಯುತ್ತಿನ ಲೆಕ್ಕ. ಹಳೆಯ ಫೋನು ರಿಸೀವರ್ ಕೆಳಗಿದ್ದಾಗ ಹೆಚ್ಚುಕಡಿಮೆ ಏನನ್ನೂ ಬಳಸುತ್ತಿರಲಿಲ್ಲ. ಒಎನ್‌ಟಿ ಪೆಟ್ಟಿಗೆ ಇಪ್ಪತ್ತನಾಲ್ಕು ತಾಸೂ ಎಚ್ಚರವಾಗಿರಬೇಕು. ಅದು 10 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 240 ವ್ಯಾಟ್-ಅವರ್, ತಿಂಗಳಿಗೆ ಸುಮಾರು 7 ಯೂನಿಟ್. ಮೊದಲು ಎಕ್ಸ್‌ಚೇಂಜಿನ ಲೆಕ್ಕಕ್ಕೆ ಬೀಳುತ್ತಿದ್ದ ವಿದ್ಯುತ್ತಿನ ಖರ್ಚು ಹೀಗೆ ಮನೆಯ ಬಿಲ್ಲಿಗೆ ಸೇರಿಕೊಂಡಿದೆ. ಖರ್ಚು ಹೋಗಲಿ, ಕರೆಂಟು ಹೋದಾಗ ಏನು? ಅಂಗಡಿಗಳಲ್ಲಿ ಮಿನಿ ಯುಪಿಎಸ್ ಎಂದು ಸಿಗುವ ಅಂಗೈ ಗಾತ್ರದ ಲಿಥಿಯಂ ಬ್ಯಾಟರಿ ಪೆಟ್ಟಿಗೆಯನ್ನು ಅಡಾಪ್ಟರಿಗೂ ಒಎನ್‌ಟಿಗೂ ನಡುವೆ ಸೇರಿಸಿದರೆ ಪೆಟ್ಟಿಗೆ ಕ್ಷಣವೂ ಆರದೆ ಮುಂದುವರಿಯುತ್ತದೆ. ಆದರೆ ಅದರ ಮೇಲೆ ದೊಡ್ಡದಾಗಿ ಬರೆದಿರುವ 8,000 ಮಿಲಿಆಂಪಿಯರ್-ಅವರ್ ಎಂಬ ಅಂಕಿ ಒಳಗಿನ 3.7 ವೋಲ್ಟಿನ ಕೋಶಗಳಿಗೆ ಸಂಬಂಧಿಸಿದ್ದಾದರೆ, ನಿಜವಾದ ಶಕ್ತಿ 30 ವ್ಯಾಟ್-ಅವರ್‌ಗಿಂತ ತುಸು ಕಡಿಮೆ. 12 ವೋಲ್ಟಿಗೆ ಏರಿಸುವಾಗಿನ ನಷ್ಟವನ್ನು ಕಳೆದರೆ 10 ವ್ಯಾಟಿನ ಹೊರೆಯನ್ನು ಎರಡೂವರೆ ತಾಸಿನ ಆಚೀಚೆ ಹೊರಬಹುದು. ಪೇಟೆಯ ಲೋಡ್‌ಶೆಡ್ಡಿಂಗಿಗೆ ಇದು ಸಾಕು, ಕಂಬ ಮುರಿದ ಊರಿಗೆ ಸಾಲದು. ಮನೆಯ ದೊಡ್ಡ ಇನ್ವರ್ಟರಿಗೆ ಒಎನ್‌ಟಿಯ ಪ್ಲಗ್ಗನ್ನು ಸೇರಿಸಿಕೊಳ್ಳುವುದು ಹೆಚ್ಚು ಭದ್ರವಾದ ಉಪಾಯ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದ್ದೂ ಈ ಒಂದು ಪ್ಲಗ್ಗು ಅದರ ಹೊರಗೇ ಉಳಿದಿರುತ್ತದೆ.

ಮನೆಯ ತುದಿಯನ್ನು ಭದ್ರಪಡಿಸಿದರೂ ಇನ್ನೊಂದು ತುದಿಯ ಪ್ರಶ್ನೆ ಉಳಿಯುತ್ತದೆ. ಒಎಲ್‌ಟಿ ಎಕ್ಸ್‌ಚೇಂಜಿನೊಳಗೇ ಇದ್ದರೆ ಅದಕ್ಕೆ ಹಳೆಯ ಬ್ಯಾಟರಿ ಮತ್ತು ಜನರೇಟರಿನ ಆಸರೆಯಿರುತ್ತದೆ. ಆದಾಯ ಹಂಚಿಕೆಯ ಮೇಲೆ ಫೈಬರ್ ಎಳೆಯುವ ಸ್ಥಳೀಯ ಪಾಲುದಾರರು, ಬಹಳ ಕಡೆ ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು, ಅದನ್ನು ತಮ್ಮ ಮಳಿಗೆಯಲ್ಲಿಟ್ಟುಕೊಂಡಿದ್ದರೆ ಅಲ್ಲಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದು ಆ ಪಾಲುದಾರರ ಕಾಳಜಿಯನ್ನು ಅವಲಂಬಿಸುತ್ತದೆ. ಮೊಬೈಲ್ ಇದೆಯಲ್ಲ ಎಂಬ ಉತ್ತರ ನಗರದಲ್ಲಿ ಸಮಂಜಸವೇ ಇರಬಹುದು. ಶರಾವತಿ, ಅಘನಾಶಿನಿ, ಕಾಳಿ ಕಣಿವೆಗಳ ಒಳಗಿನ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಮನೆಗಳಿಗೆ ಅದು ಉತ್ತರವೇ ಅಲ್ಲ. ಸಿಗ್ನಲ್ ಇರುವಲ್ಲೂ ಗೋಪುರದ ಬ್ಯಾಟರಿ ಬರಿದಾದ ಮೇಲೆ ಡೀಸೆಲ್ ತಲುಪದಿದ್ದರೆ ಮೊಬೈಲೂ ಮೂಕವಾಗುತ್ತದೆ.

ಈ ವಿಷಯದಲ್ಲಿ ಬ್ರಿಟನ್ನಿನ ಅನುಭವ ಓದಿಕೊಳ್ಳತಕ್ಕದ್ದು. ಅಲ್ಲಿ ತಾಮ್ರದ ಸಾರ್ವಜನಿಕ ದೂರವಾಣಿ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚುವುದೆಂದು ಉದ್ಯಮ ನಿರ್ಧರಿಸಿತ್ತು. ಅಲ್ಲಿಯ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ 2018ರಲ್ಲೇ, ಸ್ಥಿರ ದೂರವಾಣಿಯೊಂದನ್ನೇ ನೆಚ್ಚಿಕೊಂಡವರಿಗೆ ಕರೆಂಟು ಹೋದ ಮೇಲೂ ಕನಿಷ್ಠ ಒಂದು ತಾಸು ತುರ್ತು ಕರೆ ಮಾಡುವ ಏರ್ಪಾಡು ಇರಲೇಬೇಕೆಂದು ಸೂಚಿಸಿತ್ತು. ಆದರೆ 2021ರ ನವೆಂಬರಿನ ಆರ್ವೆನ್ ಚಂಡಮಾರುತ ಉತ್ತರದ ಊರುಗಳನ್ನು ದಿನಗಟ್ಟಲೆ ಕತ್ತಲಲ್ಲಿ ಕೆಡವಿದಾಗ ಒಂದು ತಾಸಿನ ಲೆಕ್ಕ ಎಷ್ಟು ಅಲ್ಪವೆಂಬುದು ತಿಳಿಯಿತು, 2022ರ ಮಾರ್ಚಿನಲ್ಲಿ ಅಲ್ಲಿಯ ದೂರವಾಣಿ ಕಂಪನಿಯಾದ ಬಿಟಿ ತನ್ನ ಡಿಜಿಟಲ್ ಮನೆಫೋನಿನ ವಿಸ್ತರಣೆಯನ್ನು ತಡೆಹಿಡಿಯಿತು. ಅಲ್ಲಿ ಸುಮಾರು 18 ಲಕ್ಷ ಮಂದಿ ವೃದ್ಧರು ಮತ್ತು ಅಶಕ್ತರು ಕೊರಳಲ್ಲಿ ತೂಗುಹಾಕಿಕೊಂಡ ಗುಂಡಿಯನ್ನೊತ್ತಿ ಮನೆಯ ಫೋನಿನ ಮೂಲಕ ನೆರವು ಕರೆಯುವ ಸಾಧನವನ್ನು ಬಳಸುತ್ತಾರೆ. ಬದಲಾದ ಲೈನಿನಲ್ಲಿ ಕೆಲವರ ಸಾಧನ ಕೆಲಸ ಮಾಡದೆ ಗಂಭೀರ ಪ್ರಸಂಗಗಳು ನಡೆದ ಬಳಿಕ, 2023ರ ಡಿಸೆಂಬರಿನಲ್ಲಿ ಸರ್ಕಾರ ಮಧ್ಯೆ ಪ್ರವೇಶಿಸಿ, ಗ್ರಾಹಕರು ತಾವಾಗಿ ಒಪ್ಪದ ಬದಲಾವಣೆಗಳನ್ನು ನಿಲ್ಲಿಸುವ ವಚನವನ್ನು ಕಂಪನಿಗಳಿಂದ ಬರೆಸಿಕೊಂಡಿತು. ಮುಂದೆ ಗಡುವು 2027ರ ಜನವರಿಗೆ ಹೋಯಿತು. ಅಷ್ಟು ಸಿದ್ಧತೆ, ಅಷ್ಟು ನಿಯಮಗಳಿದ್ದ ದೇಶವೂ ದುರ್ಬಲರ ಮನೆಗಳಲ್ಲಿ ಎಡವಿತೆಂಬುದನ್ನು ಇಲ್ಲಿಯವರು ಹಗುರವಾಗಿ ಕಾಣಬಾರದು.

ಕರ್ನಾಟಕದಲ್ಲಿ ಅಂಥ ಕೊರಳ ಗುಂಡಿಗಳು ಕಡಿಮೆ. ಆದರೆ ವಸತಿ ಸಮುಚ್ಚಯಗಳ ಲಿಫ್ಟಿನೊಳಗಿನ ತುರ್ತು ಫೋನು, ಸಹಕಾರಿ ಬ್ಯಾಂಕಿನ ಕಳ್ಳಗಂಟೆ, ಚಿಕ್ಕ ಆಸ್ಪತ್ರೆಯ ಒಳಸಂಪರ್ಕದ ಇಪಿಎಬಿಎಕ್ಸ್, ಕಚೇರಿಯ ಫ್ಯಾಕ್ಸ್, ಇವು ತಾಮ್ರದ ಲೈನನ್ನೇ ನಂಬಿ ಜೋಡಿಸಿದವು. ಮಾತಿಗೆಂದು ಹೊಂದಿಸಿದ ಪೊಟ್ಟಣಗಳಲ್ಲಿ ಫ್ಯಾಕ್ಸಿನ ಸದ್ದು ಹಲವೊಮ್ಮೆ ಕೆಡುತ್ತದೆ. ತಿರುಗಿಸುವ ಡಯಲ್ಲಿನ ಕಡಿತಗಳನ್ನು ಅನೇಕ ಒಎನ್‌ಟಿಗಳು ಗುರುತಿಸುವುದಿಲ್ಲವಾದ್ದರಿಂದ ಅಜ್ಜನ ಕಾಲದ ಕಪ್ಪು ಫೋನಿನಲ್ಲಿ ಕರೆ ಸ್ವೀಕರಿಸಬಹುದಾದರೂ ಕರೆ ಮಾಡಲಾಗದೆ ಹೋಗಬಹುದು. ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಮಾಡುವಾಗ ಮೊದಲು 0 ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿರುವುದರಿಂದ, ಲಿಫ್ಟ್ ಮತ್ತು ಗಂಟೆಯ ಯಂತ್ರಗಳಲ್ಲಿ ಹಿಂದೆಂದೋ ದಾಖಲಿಸಿಟ್ಟ ಮೊಬೈಲ್ ಸಂಖ್ಯೆಗಳನ್ನೂ ಈ ಸಂದರ್ಭದಲ್ಲೇ ಪರಿಶೀಲಿಸುವುದು ಒಳ್ಳೆಯದು. ಮನೆಯೊಳಗೆ ಹಾಲ್‌ನಿಂದ ಮಹಡಿಗೆ ಎಳೆದ ಹಳೆಯ ಎಕ್ಸ್‌ಟೆನ್ಷನ್ ತಂತಿಯನ್ನು ಒಎನ್‌ಟಿಯ ಕಿಂಡಿಗೆ ಸೇರಿಸಿ ಮುಂದುವರಿಸಬಹುದು, ಆದರೆ ಬೀದಿಯಿಂದ ಬರುವ ತಾಮ್ರದ ಜೋಡಿಯನ್ನು ಮೊದಲು ಬಿಡಿಸಿ ಪ್ರತ್ಯೇಕಿಸಬೇಕು. ಇಲ್ಲವಾದರೆ ಎಕ್ಸ್‌ಚೇಂಜಿನ 48 ವೋಲ್ಟ್ ಒಎನ್‌ಟಿಯ ಮೇಲೆ ಬಿದ್ದು ಅದು ಕೆಡಬಹುದು.

ಸಂಪರ್ಕ ಕೊಡುವ ದಿನ ವೇಗ ಪರೀಕ್ಷೆಯ ಅಂಕಿಯನ್ನು ಮೊಬೈಲಿನಲ್ಲಿ ತೋರಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಬೆಳೆದಿದೆ. ಅದರ ಜೊತೆಗೆ ಇನ್ನೊಂದು ಪರೀಕ್ಷೆಯೂ ನಡೆಯಬೇಕು: ಮನೆಯ ಮೇನ್ ಸ್ವಿಚ್ ಆರಿಸಿ, ರಿಸೀವರ್ ಎತ್ತಿ ಡಯಲ್ ಟೋನ್ ಬರುತ್ತದೆಯೇ, ಆಪ್ತರ ಸಂಖ್ಯೆಗೆ ಕರೆ ಹೋಗುತ್ತದೆಯೇ ಎಂದು ನೋಡಬೇಕು, ಎಷ್ಟು ಹೊತ್ತು ಹಾಗೆ ನಡೆಯಬಲ್ಲದೆಂಬುದನ್ನು ಮನೆಯವರಿಗೆ ಬರೆದುಕೊಡಬೇಕು. ಒಂಟಿಯಾಗಿರುವ ಹಿರಿಯರ ಮನೆಗೂ ಮೊಬೈಲ್ ಸಿಗ್ನಲ್ ಇಲ್ಲದ ಊರಿಗೂ ಬ್ಯಾಟರಿಯನ್ನು ಸಂಪರ್ಕದ ಭಾಗವಾಗಿಯೇ ಕೊಡುವುದು ಕಂಪನಿಯ ಕರ್ತವ್ಯವೆಂದು ನಿಯಮದಲ್ಲಿ ಬರೆಯಬೇಕು, ಪಾಲುದಾರರ ಮಳಿಗೆಯ ಒಎಲ್‌ಟಿಗೂ ಕನಿಷ್ಠ ತಾಸುಗಳ ಬೆಂಬಲವನ್ನು ಗೊತ್ತುಪಡಿಸಬೇಕು. ಕಿತ್ತೂರಿನ ಯಂತ್ರವನ್ನು ಕಟ್ಟಿದವರು ಕರೆಂಟು ಹೋಗುತ್ತದೆಂಬುದನ್ನು ನಕ್ಷೆ ಬರೆಯುವಾಗಲೇ ಲೆಕ್ಕಕ್ಕೆ ಹಿಡಿದಿದ್ದರು. ಅಂಥ ಲೆಕ್ಕ ಈಗಲೂ ಅಸಾಧ್ಯವಲ್ಲ, ದುಬಾರಿಯೂ ಅಲ್ಲ. ಸಿಗ್ನಲ್ಲಿಲ್ಲದ ಕಣಿವೆಗಳಲ್ಲಾದರೂ ಫೈಬರಿನ ಎರಡೂ ತುದಿಯ ಬ್ಯಾಟರಿಗಳು ಒಂದು ಪೂರ್ತಿ ಮಳೆಗಾಲವನ್ನು ತಾಳಿಕೊಂಡದ್ದು ಖಚಿತವಾಗುವತನಕ ತಾಮ್ರದ ಜೋಡಿಯನ್ನು ಕಂಬದಿಂದ ಇಳಿಸಬಾರದು.